ಟ್ರಾಂಬೆಗೆ ಬಂದ ರಿಯಾಕ್ಟರ್

ಕೊಲಂಬೊ ಯೋಜನೆಯ ನೆರವಿನಡಿ ಭಾರತಕ್ಕೆ ಒಂದು ಸಂಶೋಧನಾ ರಿಯಾಕ್ಟರ್ ಕೊಡಲು ಕೆನಡಾ 1956ರಲ್ಲಿ ಸಹಿ ಹಾಕಿತು. ಭಾರಜಲ ಅಮೆರಿಕದಿಂದ ಬಂತು. ಮೂರೂ ದೇಶಗಳ ಹೆಸರು ಕೂಡಿಸಿ ‘ಸೈರಸ್’ ಎಂದು ಕರೆದರು. 1960ರ ಜುಲೈನಲ್ಲಿ ಅದು ಮುಂಬಯಿಯ ಟ್ರಾಂಬೆಯಲ್ಲಿ ಚಾಲೂ ಆಯಿತು. ಶಾಂತಿಯುತ ಉದ್ದೇಶಕ್ಕೆ ಮಾತ್ರ ಬಳಸಬೇಕು ಎಂಬ ಷರತ್ತಿತ್ತು. ಹಾಗೆಯೇ ಬಳಸುತ್ತಿದ್ದಾರೆಯೇ ಎಂದು ಬಂದು ನೋಡುವ ಏರ್ಪಾಡು ಮಾತ್ರ ಇರಲಿಲ್ಲ.

ಸೈರಸ್‌ನಿಂದ ಒಂದು ಬಲ್ಬೂ ಉರಿಯುತ್ತಿರಲಿಲ್ಲ. ಅದು ವಿದ್ಯುತ್ ಸ್ಥಾವರವಲ್ಲ. ಆದರೆ ಅದರೊಳಗಿನ ಯುರೇನಿಯಂ ಸರಳುಗಳಲ್ಲಿ ಬಾಂಬಿಗೂ ಒದಗುವ ಪ್ಲುಟೋನಿಯಂ ಹುಟ್ಟುತ್ತಿತ್ತು. ಬಳಸಿ ತೆಗೆದ ಸರಳುಗಳನ್ನು ಆಮ್ಲದಲ್ಲಿ ಕರಗಿಸಿ ಅದನ್ನು ಬೇರ್ಪಡಿಸುವ ಘಟಕವನ್ನು ಅರವತ್ತರ ದಶಕದಲ್ಲೇ ಟ್ರಾಂಬೆಯಲ್ಲಿ ಕಟ್ಟಿದ್ದರು. ಇದೇನೂ ಕದ್ದುಮುಚ್ಚಿ ನಡೆದ ಕೆಲಸವಲ್ಲ. ಕಂಡೂ ಸುಮ್ಮನಿದ್ದ ಕೆನಡಾ 1974ರ ಅಣುಸ್ಫೋಟದ ಬಳಿಕ ಪಟ್ಟ ಆಘಾತದಲ್ಲಿ ಅರ್ಧ ನಟನೆಯೇ ಎಂದು ನನ್ನ ಗುಮಾನಿ.

ಉಳಿದರ್ಧ ನಿಜವೇ. 1971ರಲ್ಲಿ ಕೆನಡಾದ ಪ್ರಧಾನಿ ಪಿಯರ್ ಟ್ರೂಡೊ ಇಂದಿರಾ ಗಾಂಧಿಯವರಿಗೆ ಪತ್ರ ಬರೆದು, ನಾವು ಕೊಟ್ಟದ್ದನ್ನು ಸ್ಫೋಟಕ್ಕೆ ಬಳಸಿದರೆ ಸಹಕಾರವನ್ನೇ ಮರುಪರಿಶೀಲಿಸಬೇಕಾದೀತು ಎಂದು ತಿಳಿಸಿದ್ದರು. ನಡೆಯದೇ ಇರುವ ಸಂಗತಿಯನ್ನು ಊಹಿಸಿಕೊಂಡು ಒಪ್ಪಂದಕ್ಕೆ ಈಗಲೇ ಅರ್ಥ ಕಟ್ಟುವುದೇಕೆ ಎಂಬ ಧಾಟಿಯ ಉತ್ತರ ಹೋಯಿತು. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ.

1974ರ ಮೇ 18ರಂದು ಪೋಖ್ರಾನಿನಲ್ಲಿ ಸೈರಸ್‌ನ ಪ್ಲುಟೋನಿಯಂ ಸ್ಫೋಟಿಸಿತು. ತಂಡದ ಮುಂದಾಳು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಇದು ‘ಶಾಂತಿಯುತ ಸ್ಫೋಟ’, ಷರತ್ತು ಮುರಿದಿಲ್ಲ ಎಂದಿತು ಸರ್ಕಾರ. ಕೋರ್ಟಿನಲ್ಲಿ ಆ ವಾದ ಗೆದ್ದರೂ ಗೆದ್ದೀತು. ಪಂಚಾಯಿತಿ ಕಟ್ಟೆಯಲ್ಲಿ ನಿಲ್ಲುವುದಿಲ್ಲ. ಕೊಟ್ಟವನು ತಾನು ಏನು ಅರ್ಥಮಾಡಿಕೊಂಡಿದ್ದೇನೆ ಎಂದು ಮೊದಲೇ ಹೇಳಿದ್ದಾಗ, ಕಾಗದದಲ್ಲಿ ಹಾಗೆ ಬರೆದಿಲ್ಲವಲ್ಲ ಎನ್ನುವುದು ಜಾಣತನ, ಪ್ರಾಮಾಣಿಕತೆಯಲ್ಲ. ಅದು ಬಾಂಬೇ ಆಗಿತ್ತೆಂದು 1997ರಲ್ಲಿ ರಾಮಣ್ಣನವರೇ ಬಾಯಿಬಿಟ್ಟರು. ಚೀನಾ 1964ರಲ್ಲೇ ಬಾಂಬ್ ಸಿಡಿಸಿತ್ತು, ನಮಗೆ ಕಾರಣವಿತ್ತು ಎನ್ನಬಹುದು. ಒಪ್ಪೋಣ. ಕಾರಣವಿದ್ದವರು ಟ್ರೂಡೊಗೆ ಅದನ್ನೇ ಬರೆಯಬಹುದಿತ್ತು. ರಿಯಾಕ್ಟರ್ ಕೈಬಿಟ್ಟೀತೆಂಬ ಲೆಕ್ಕ ಅಡ್ಡ ಬಂದಿರಬೇಕು.

ಕೆನಡಾ ಸಿಟ್ಟು ತೀರಿಸಿಕೊಂಡ ಜಾಗ ಇನ್ನೂ ವಿಚಿತ್ರ. ಅದು ಕೈಬಿಟ್ಟದ್ದು ರಾಜಸ್ಥಾನದ ರಾವತ್‌ಭಾಟಾದಲ್ಲಿ ಅರ್ಧ ಕಟ್ಟಿದ್ದ ವಿದ್ಯುತ್ ಘಟಕವನ್ನು, ಅಂದರೆ ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ್ದ ಸ್ಥಾವರವನ್ನು. ನಮ್ಮವರು ಹೆಣಗಾಡಿ 1981ರಲ್ಲಿ ಅದನ್ನು ಮುಗಿಸಿದರು. ಅಲ್ಲಿ ಕಲಿತ ವಿದ್ಯೆಯೇ ಬೆಳೆಯುತ್ತ ಕಾಳಿ ನದಿಯ ದಂಡೆಯ ಕೈಗಾಕ್ಕೂ ಬಂತು.

2010ರಲ್ಲಿ ಎರಡೂ ದೇಶಗಳು ಅಣು ಸಹಕಾರಕ್ಕೆ ಮತ್ತೆ ಸಹಿ ಹಾಕಿದವು. ಆ ವರ್ಷದ ಕೊನೆಗೆ ಸೈರಸ್ ಶಾಶ್ವತವಾಗಿ ನಿಂತಿತು. ಈ ಸಲ ಕೆನಡಾ ತಪಾಸಣೆಯನ್ನೂ ಬರೆಸಿಕೊಂಡಿದೆ. ತನ್ನ ಯುರೇನಿಯಂ ತಪಾಸಣೆಗೆ ಒಳಪಟ್ಟ ಸ್ಥಾವರಗಳಿಗೆ ಮಾತ್ರ. ಕೈಗಾದ ಮೊದಲ ನಾಲ್ಕು ಘಟಕಗಳನ್ನು ಭಾರತ ಆ ತಪಾಸಣೆಯಿಂದ ಹೊರಗಿಟ್ಟುಕೊಂಡಿದೆ.