ಪಾಪದ ಅರಿಕೆಯೂ ದೇವರ ಕರುಣೆಯೂ

ಭಾನುವಾರದ ಬೆಳಗ್ಗೆ ರಾಜಾಜಿನಗರದ ಬೀದಿಯಲ್ಲಿ ನಡೆಯುವಾಗ, ಕ್ರೈಸ್ತ ದೇವಾಲಯದೊಳಗಿನ ಕನ್ನಡ ಗೀತೆಯು ನನ್ನ ಕಿವಿಗೆ ಬಿದ್ದುದುಂಟು. ಅನೇಕ ಕಂಠಗಳು ಒಂದಾಗಿ ತಮ್ಮ ಪಾಪವನ್ನು ಅರಿಕೆಮಾಡಿ ಕರುಣೆಯನ್ನು ಬೇಡುತ್ತಿದ್ದವು. ಆಗ ನನಗೊಂದು ಸಂದೇಹವು ಹುಟ್ಟಿತು. ಎಲ್ಲರೊಡನೆ ಕೂಡಿ 'ಪಾಪಿಗಳು ನಾವು' ಎನ್ನುವುದು ಸುಲಭ. 'ಇಂಥವನಿಗೆ ಇಂಥ ತಪ್ಪನ್ನು ಮಾಡಿದೆನು' ಎನ್ನುವುದು ಸುಲಭವೆ?

ಹಾಡಿನಲ್ಲಿ ತಪ್ಪೊಪ್ಪಿಕೊಳ್ಳುವುದು ಕನ್ನಡಿಗರಿಗೆ ಹೊಸತಲ್ಲ. ಬಸವಣ್ಣನವರು ತಮ್ಮ ಮನಸ್ಸಿನ ಕಪಟವನ್ನು ವಚನಗಳಲ್ಲಿ ತಾವೇ ಬಯಲಿಗಿಟ್ಟರು. ದಾಸರು ತಮ್ಮ ದೋಷಗಳನ್ನು ಎಣಿಸಿ ಹರಿಯ ಮೊರೆಹೊಕ್ಕರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಸೇರಿದ ಮೋಗ್ಲಿಂಗ್ ಪಾದ್ರಿಯವರು 1850ರಲ್ಲಿ ದಾಸರ ಪದಗಳನ್ನೇ ಸಂಗ್ರಹಿಸಿ ಅಚ್ಚುಮಾಡಿಸಿದರು. ಕನ್ನಡದ ಕ್ರೈಸ್ತ ಭಕ್ತನ ಅರಿಕೆಗೆ ಈ ನುಡಿಯಲ್ಲಿಯೇ ಬಂಧುಗಳಿದ್ದಾರೆ.

ಇಂಥ ಕ್ರೈಸ್ತ ಗೀತೆಗಳಿಗೆಲ್ಲ ತಾಯಿಯಂತಿರುವುದು ಬೈಬಲ್ಲಿನ ಐವತ್ತೊಂದನೆಯ ಕೀರ್ತನೆ. ದಾವೀದನು ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯಗೊಟ್ಟ ಮೇಲೆ, ನಾತಾನ ಪ್ರವಾದಿಯ ಮಾತಿಗೆ ಎಚ್ಚತ್ತು ಇದನ್ನು ಹಾಡಿದನೆಂದು ಅದರ ಶಿರೋಲೇಖವು ಹೇಳುತ್ತದೆ. ಅದರಲ್ಲಿ ರಕ್ತಾಪರಾಧದ ಅಳಲು ಉಂಟು. ಆದರೆ ಊರೀಯನ ಹೆಸರಿಲ್ಲ. ದೇವರಿಗೆ ಮಾತ್ರವೇ ತಪ್ಪಿದವನಂತೆ ಹಾಡುವವನು ಮಾತನಾಡುತ್ತಾನೆ.

ಇಂಗ್ಲೆಂಡಿನ ಜಾನ್ ನ್ಯೂಟನ್ನನ ಕಥೆಯೂ ಇಂಥದೇ. 1748ರಲ್ಲಿ, ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ, ಅವನು ದೇವರ ಕಡೆಗೆ ತಿರುಗಿದನು. ಆದರೂ ಆ ಬಳಿಕ ಕೆಲವು ವರ್ಷ ಗುಲಾಮರನ್ನು ಸಾಗಿಸುವ ಹಡಗುಗಳಿಗೆ ನಾಯಕನಾಗಿದ್ದನು. 1779ರಲ್ಲಿ ಪ್ರಕಟವಾದ ಅವನ 'ಅಮೇಜಿಂಗ್ ಗ್ರೇಸ್' ಎಂಬ ಗೀತೆಯು ಇಂದು ಲೋಕವಿಖ್ಯಾತ. ಅದರಲ್ಲಿ ತನ್ನ ನೀಚತನವನ್ನು ಅವನು ಒಪ್ಪಿಕೊಂಡಿದ್ದಾನೆ; ಗುಲಾಮರ ಮಾತಿಲ್ಲ. ಆ ವ್ಯಾಪಾರದ ಕ್ರೌರ್ಯವನ್ನೂ ಅದರಲ್ಲಿ ತನ್ನ ಪಾಲನ್ನೂ ಹೆಸರಿಟ್ಟು ಹೇಳಿದ ಅವನ ಪುಸ್ತಿಕೆಯು ಹೊರಬಂದುದು 1788ರಲ್ಲಿ. ಆ ವ್ಯಾಪಾರವನ್ನು ನಿಷೇಧಿಸುವ ಕಾನೂನು 1807ರಲ್ಲಿ ಆಯಿತು. ಅದೇ ವರ್ಷ ಅವನು ತೀರಿಕೊಂಡನು. ಬಿರುಗಾಳಿಯಿಂದ ಪುಸ್ತಿಕೆಯವರೆಗೆ ನಾಲ್ವತ್ತು ವರ್ಷಗಳು!

ಹಾಗಾದರೆ ಕರುಣೆಯ ಭರವಸೆಯೇ ಮನುಷ್ಯನನ್ನು ಸಡಿಲಗೊಳಿಸುವುದೆ? ಹಾಗೆನ್ನಲಾಗದು. ಬರಿಯ ಏಟೇ ಕಾದಿರುವ ಮನೆಯಲ್ಲಿ ಮಗುವು ಒಡೆದ ಮಡಕೆಯನ್ನು ಅಡಗಿಸುವುದು. ಅಪ್ಪಿಕೊಳ್ಳುವ ತಾಯಿಯಿದ್ದರೆ ತಾನೇ ಚೂರುಗಳನ್ನು ತಂದು ತೋರಿಸುವುದು. ಸುಂಕದವನಾದ ಜಕ್ಕಾಯನ ಮನೆಗೆ ಯೇಸು ತಾನಾಗಿಯೇ ಅತಿಥಿಯಾಗಿ ಹೋದನು. ಆ ಮೇಲೆ ಜಕ್ಕಾಯನು, ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟನ್ನು ಹಿಂದಿರುಗಿಸುವೆನೆಂದನು. ಕರುಣೆ ಮೊದಲು ಬಂದಿತು. ಆದರೆ ಸಾಲವು ತೀರಿಹೋಗಲಿಲ್ಲ, ಅದನ್ನು ತೀರಿಸುವ ಧೈರ್ಯವು ಹುಟ್ಟಿತು.

ಇದನ್ನು ನಾನು ಬರಿಯ ತರ್ಕದಿಂದ ಹೇಳುತ್ತಿಲ್ಲ. ಸ್ನೇಹಿತನೊಬ್ಬನ ಮೇಲೆ ಬಂದ ಅಪವಾದವು ಸುಳ್ಳೆಂದು ಬಲ್ಲವನಾಗಿಯೂ ನಾನು ಒಮ್ಮೆ ಮೌನವಾಗಿದ್ದೆನು. ದೇವರ ಮುಂದೆ ಎಷ್ಟೋ ಸಂಜೆ ಅದನ್ನು ಹೇಳಿಕೊಂಡು ಹಗುರಾದೆನು. ಕೆಂಗೇರಿಯಲ್ಲಿದ್ದ ಅವನ ಮನೆಯ ಬಾಗಿಲನ್ನು ತಟ್ಟಲು ಹನ್ನೊಂದು ವರ್ಷ ಹಿಡಿಯಿತು. ಅವನು ಎಲ್ಲವನ್ನೂ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, ಕಾಫಿ ಕೊಟ್ಟು ಕಳುಹಿಸಿದನು. ಕ್ಷಮಿಸಿದನೋ ಇಲ್ಲವೋ ನಾನರಿಯೆ. ಆದರೆ ಆ ಭಾನುವಾರದ ಗೀತೆಯು ಈಗ ಕೇಳಿಬಂದಾಗ, ಅದರ ಮಾತು ನನಗೆ ಪರರದೆಂದು ತೋರುವುದಿಲ್ಲ.