ಅಳತೆ ಯಾರ ಕೈಯಲ್ಲಿರಬೇಕು?

ವಿಜ್ಞಾನ ಮುಂದೆ ಸಾಗುತ್ತಿದೆ ಎಂಬುದಕ್ಕೆ ಇಂದು ಪುರಾವೆ ಹುಡುಕಬೇಕಾಗಿಲ್ಲ. ಸಿಕಲ್ ಸೆಲ್ ಕಾಯಿಲೆಗೆ ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಮುಂಬೈಯ ಐಐಟಿಯಲ್ಲಿ ಹುಟ್ಟಿದ, ರೋಗಿಯ ರಕ್ತಕಣಗಳನ್ನೇ ಕ್ಯಾನ್ಸರಿನ ಮೇಲೆ ತಿರುಗಿಸುವ ಚಿಕಿತ್ಸೆಗೆ ನಮ್ಮ ದೇಶದಲ್ಲೂ ಅನುಮತಿ ಸಿಕ್ಕಿತು. ಪ್ಲಾಸ್ಟಿಕ್ ತಿಂದು ಬದುಕುವ ಬ್ಯಾಕ್ಟೀರಿಯಾ ಸಿಕ್ಕಿದೆ ಎಂದು ಜಪಾನಿನ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಮರುಭೂಮಿಯ ಗಾಳಿಯಿಂದಲೂ ನೀರು ಹೀರಬಲ್ಲ, ಒಳಗೆಲ್ಲ ಸೂಕ್ಷ್ಮ ರಂಧ್ರಗಳೇ ತುಂಬಿದ ವಸ್ತುಗಳನ್ನು ಕಟ್ಟಿದವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಬಂತು. ಈ ಸುದ್ದಿಗಳಲ್ಲಿ ಸುಳ್ಳಿಲ್ಲ, ಓದಿದಾಗ ಆಗುವ ಹಿಗ್ಗೂ ಸಹಜವೇ. ನನ್ನ ಪ್ರಶ್ನೆ ಇವೆಲ್ಲದರ ಮುಂದಿನದು. ಒಂದು ಸಂಶೋಧನೆ ಮುಗಿಯುವುದು ಯಾವಾಗ? ಪ್ರಬಂಧ ಅಚ್ಚಾದಾಗಲೋ, ಸರ್ಕಾರ ಅನುಮತಿ ಕೊಟ್ಟಾಗಲೋ, ಅಥವಾ ಅದು ಹೋಗಿ ಇಳಿದ ನೆಲದಲ್ಲಿ, ಅಲ್ಲಿನವರ ಮೈಯಲ್ಲಿ ಏನು ಮಾಡಿತು ಎಂಬುದು ತಿಳಿದಾಗಲೋ? ಮೂರನೆಯದೇ ಸರಿ ಎಂಬುದು ನನ್ನ ವಾದ. ಇಳಿದ ಜಾಗದಲ್ಲಿ ಅಳತೆ ನಡೆಯುವವರೆಗೆ, ಆ ಅಳತೆ ಅಲ್ಲಿ ಬದುಕುವವರ ಕೈಗೆ ಸಿಗುವವರೆಗೆ ಸಂಶೋಧನೆ ಅರ್ಧಕ್ಕೇ ನಿಂತಿರುತ್ತದೆ. ಇದಕ್ಕೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಕಳೆದ ಐವತ್ತು ವರ್ಷಗಳಿಂದ ಒಂದರ ಹಿಂದೊಂದು ಹೊಸ ವಿದ್ಯೆ ಬಂದು ಇಳಿದಿದೆ, ಇಳಿಯುತ್ತಲೇ ಇದೆ.

ಮೊದಲು ನೀಲಗಿರಿಯನ್ನೇ ತೆಗೆದುಕೊಳ್ಳೋಣ. ಬೇಗ ಬೆಳೆಯುವ, ದನ ಬಾಯಿ ಹಾಕದ, ಕೂಲಿ ಆಳು ಬೇಡದ ಈ ಮರ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೆ ಬಂತು. ಅಂದಿನ ಲೆಕ್ಕದಲ್ಲಿ ಅದು ಮುನ್ನಡೆಯೇ: ಸೌದೆಯ ಬರ ನೀಗುತ್ತದೆ, ಕಾಗದದ ಕಾರ್ಖಾನೆಗೆ ಸರಕು ಸಿಗುತ್ತದೆ, ರೈತನ ಕೈಗೆ ಒಟ್ಟಿಗೆ ದುಡ್ಡು ಬರುತ್ತದೆ. ಈ ಮರ ನೀರು ಕುಡಿಯುತ್ತದೆ ಎಂದು ರೈತರು ಹೇಳಿದರು. 1983ರಲ್ಲಿ ಪಕ್ಕದ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಸಸಿಗಳನ್ನು ಕಿತ್ತೇ ಹಾಕಿದರು. ಅದಕ್ಕೆ ಸಿಕ್ಕ ಉತ್ತರ, ಅದು ಭಾವನೆ, ಅಂಕಿಯಲ್ಲ ಎಂಬುದು. ಅಂಕಿ ಬಂದದ್ದು ತೋಪುಗಳು ಎದ್ದು ನಿಂತ ಮೇಲೆ. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಕರ್ನಾಟಕದ ಅರಣ್ಯ ವಿಜ್ಞಾನಿಗಳು ಕೂಡಿ ರಾಜ್ಯದ ಕೆಲವು ಕಡೆ ಮರಗಳ ನೀರಿನ ಲೆಕ್ಕ ಹಾಕಿದರು. ಅವುಗಳಲ್ಲಿ ಒಂದು ಜಾಗ ಹೊಸಕೋಟೆ. ಕಾಂಡಕ್ಕೆ ತೂತು ಕೊರೆದು ಒಂದಿಷ್ಟು ಭಾರಜಲ ಸೇರಿಸುವುದು, ರೆಂಬೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಎಲೆ ಬೆವರಿದ ಹನಿಗಳನ್ನು ಹಿಡಿಯುವುದು, ಆ ಹನಿಗಳಲ್ಲಿ ಭಾರಜಲ ಎಷ್ಟು ದಿನದಲ್ಲಿ ಎಷ್ಟು ಬಂತೆಂದು ನೋಡಿ ಮರ ಕುಡಿದ ನೀರನ್ನು ಗೊತ್ತು ಮಾಡುವುದು ಅವರ ವಿಧಾನ. 1997ರಲ್ಲಿ ಅಚ್ಚಾದ ಫಲಿತಾಂಶ ಬೆಚ್ಚಿ ಬೀಳಿಸುವಂಥದು. ಮಳೆ ಕಡಿಮೆಯಾಗಿದ್ದ ಮೂರು ವರ್ಷಗಳಲ್ಲಿ ಹೊಸಕೋಟೆಯ ತೋಪಿನ ಮೇಲೆ ಬಿದ್ದ ಮಳೆ ಸುಮಾರು 2100 ಮಿಲಿಮೀಟರ್. ಮರಗಳು ಬಳಸಿದ ನೀರು ಸುಮಾರು 3400 ಮಿಲಿಮೀಟರ್. ಮುಗಿಲು ಕೊಟ್ಟದ್ದು ಸಾಲದೆ ಬೇರು ವರ್ಷ ವರ್ಷ ಆಳಕ್ಕಿಳಿದು, ನೆಲ ಎಷ್ಟೋ ಕಾಲದಿಂದ ಹಿಡಿದಿಟ್ಟುಕೊಂಡಿದ್ದ ತೇವವನ್ನೂ ಎಳೆದುಕೊಂಡಿತ್ತು ಎಂಬುದು ವಿಜ್ಞಾನಿಗಳು ಕೊಟ್ಟ ವಿವರಣೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಲ್ಲಿಸಿದ್ದು 2017ರಲ್ಲಿ. ಸಸಿ ಕಿತ್ತದ್ದಕ್ಕೂ ಈ ಆದೇಶಕ್ಕೂ ನಡುವೆ 34 ವರ್ಷ. ಅಳತೆ ಕೈಗೆ ಬಂದ ಮೇಲೂ 20 ವರ್ಷ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಹಾಗಾದರೆ ಊರಿನವರ ಮಾತನ್ನೇ ವಿಜ್ಞಾನ ಎಂದು ಒಪ್ಪಿಕೊಂಡುಬಿಡಬೇಕೆ? ಖಂಡಿತ ಅಲ್ಲ, ಅದೇ ಅಧ್ಯಯನಗಳು ಇದನ್ನೂ ಹೇಳುತ್ತವೆ. ಮಣ್ಣು ಅಷ್ಟೇನೂ ಆಳವಿಲ್ಲದ ಬೇರೆ ಜಾಗಗಳಲ್ಲಿ ಎಳೆಯ ನೀಲಗಿರಿ ತೋಪು ನಮ್ಮ ಕುರುಚಲು ಕಾಡಿಗಿಂತ ಹೆಚ್ಚು ನೀರು ಕುಡಿಯಲಿಲ್ಲ. ಆದರೆ ಕಾಡಾಗಲಿ ತೋಪಾಗಲಿ ರಾಗಿ ಹೊಲದ ಸುಮಾರು ಎರಡರಷ್ಟು ನೀರು ಬಳಸುತ್ತಿದ್ದವು. ಅಂದರೆ ಮರ ರಾಕ್ಷಸ ಎಂದವರ ಮಾತೂ ಪೂರ್ತಿ ನಿಲ್ಲಲಿಲ್ಲ, ಯಾವ ಕೇಡೂ ಇಲ್ಲ ಎಂದವರ ಮಾತಂತೂ ನಿಲ್ಲಲೇ ಇಲ್ಲ. ಅರ್ಕಾವತಿಯ ಕಥೆಯೂ ಇಂಥದೇ. ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹಾದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು ತುಂಬಿಸುತ್ತಿದ್ದ ನದಿ ಏಕೆ ಬತ್ತಿತು ಎಂದು ಯಾರನ್ನು ಕೇಳಿದರೂ ಮಳೆ ಕಡಿಮೆಯಾಯಿತು ಎಂದೇ ಹೇಳುತ್ತಿದ್ದರು. ಏಟ್ರಿ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತವರ ಜೊತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದೇ ಕಾರಣಕ್ಕೆ ಜೋತುಬೀಳದೆ ಮಳೆ, ಸೆಕೆ, ಅಂತರ್ಜಲ, ನೀಲಗಿರಿ, ಹಳ್ಳಗಳಿಗೆ ಕಟ್ಟಿದ ಅಡ್ಡಗಟ್ಟೆ ಹೀಗೆ ಎಲ್ಲವನ್ನೂ ಒಂದೊಂದಾಗಿ ಪರೀಕ್ಷೆಗೆ ಒಡ್ಡಿತು. ಮಳೆಯೂ ಸೆಕೆಯೂ ಮುಖ್ಯ ಅಪರಾಧಿಗಳಲ್ಲ. ಬೋರ್‌ವೆಲ್‌ಗಳು ಎತ್ತಿದ ನೀರು, ತೋಪುಗಳು, ತುಂಡಾದ ಹಳ್ಳಗಳು ನದಿಯನ್ನು ಒಣಗಿಸಿರುವ ಸಂಭವವೇ ಹೆಚ್ಚು ಎಂದು ಅದು ತೋರಿಸಿತು. ಇದು ನಮಗೆ ಹಿತವಾದ ಉತ್ತರವಲ್ಲ. ಮಳೆಯ ಮೇಲೆ ತಪ್ಪು ಹೊರಿಸಿದ್ದರೆ ಯಾರೂ ಏನೂ ಬಿಡಬೇಕಾಗಿರಲಿಲ್ಲ. ಸ್ಥಳದ ಅಳತೆ ಬೇಕೆನ್ನುವುದು ಸ್ಥಳೀಯರು ಯಾವಾಗಲೂ ಸರಿ ಎಂಬ ಕಾರಣಕ್ಕಲ್ಲ. ಅವರು ಸರಿಯಿದ್ದಾಗ ಆ ಸರಿಗೆ ಬಲ ಬರಬೇಕು, ತಪ್ಪಿದಾಗ ಅವರೇ ತಿದ್ದಿಕೊಳ್ಳುವಂತಿರಬೇಕು. ಅಳತೆಯಿಲ್ಲದೆ ಎರಡೂ ಆಗದು.

ಈಗ ಇಂದಿನ ದೊಡ್ಡ ಪ್ರಯೋಗಕ್ಕೆ ಬರೋಣ. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 210 ದಶಲಕ್ಷ ಲೀಟರ್ ನೀರನ್ನು ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಸುಮಾರು 65 ಕೆರೆಗಳಿಗೆ ತುಂಬುವ ಯೋಜನೆ ಇದು. ಇದರ ತಿರುಳು ಜೀವವಿಜ್ಞಾನ. ಕೊಳಚೆಗೆ ಗಾಳಿಯೂದಿ, ಅದರಲ್ಲಿರುವ ಸೂಕ್ಷ್ಮಜೀವಿಗಳಿಗೇ ಕೊಳೆಯನ್ನು ತಿನ್ನಿಸುವ ವಿಧಾನವನ್ನು ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಲೋಕಕ್ಕೆ ತಿಳಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಎರಡೇ ವರ್ಷದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಕೊಳಚೆ ಶುದ್ಧಿಯ ವಿದ್ಯೆ ಅದರ ಹಿರಿಯನ ಜೊತೆಗೇ ನೂರು ವರ್ಷದ ಹಿಂದೆ ಈ ಊರಿಗೆ ಬಂದು ಕೂತಿತ್ತು. ಆದರೂ ಅದೇ ಊರಿನ ಕೊಳಚೆ ದಶಕಗಟ್ಟಲೆ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಹರಿದು ನೊರೆಯಾಗಿ ರಸ್ತೆಗೆ ಉಕ್ಕಿತು. ವಿದ್ಯೆ ಹತ್ತಿರವಿದ್ದರೆ ಸಾಕು, ತಾನಾಗಿ ಕೆಲಸ ಮಾಡುತ್ತದೆ ಎಂದು ನಂಬುವವರು ಇದನ್ನು ಯೋಚಿಸಬೇಕು. ಇಂಥದೇ ಇನ್ನೊಂದು ಯೋಜನೆಯಲ್ಲಿ, ನಗರದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಲ್ಲಿ ಕೋಲಾರ ಮುಟ್ಟಿದಾಗ ಲಕ್ಷ್ಮೀಸಾಗರ ಕೆರೆಯಲ್ಲೂ ನೊರೆ ಎದ್ದಿತು, ಹೈಕೋರ್ಟ್ ನೀರನ್ನು ಕೆಲ ಕಾಲ ತಡೆಯಿತು. ಮೂರನೇ ಹಂತದ ಸಂಸ್ಕರಣೆ ಆಗಲೇಬೇಕು ಎಂದು ಆಂಜನೇಯ ರೆಡ್ಡಿ ಅವರ ಶಾಶ್ವತ ನೀರಾವರಿ ಹೋರಾಟ ಸಮಿತಿ ಅಂದಿನಿಂದ ಕೇಳುತ್ತಿದೆ. ಇನ್ನೊಂದು ಕಡೆ, ಕೋಲಾರದಲ್ಲಿ ಅಂತರ್ಜಲ ಮೇಲೆ ಬಂದದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ದಾಖಲಿಸಿತು. ಬತ್ತಿದ ಬಾವಿಯಲ್ಲಿ ನೀರು ಕಂಡದ್ದನ್ನು ಅಲ್ಲಗಳೆಯುವುದು ಸತ್ಯಕ್ಕೂ ರೈತನಿಗೂ ಮಾಡುವ ಅನ್ಯಾಯ.

ಎರಡೂ ಕಡೆಯ ಸತ್ಯಗಳನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಈ ನೀರಿನಲ್ಲಿ ನಾವು ಏನನ್ನು ಅಳೆಯುತ್ತಿದ್ದೇವೆ? ಸಂಸ್ಕರಣಾ ಘಟಕಗಳ ಮಾನದಂಡಗಳು ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಲೆಕ್ಕವಾದ ಬಿಒಡಿ, ಸಿಒಡಿ, ತೇಲುವ ಕಣ, ಸಾರಜನಕ, ರಂಜಕ, ಮಲದ ಕೋಲಿಫಾರ್ಮ್ ಇಂಥವು. ನೀರಿನಲ್ಲಿ ಕೊಳಚೆಯ ಅಂಶ ಎಷ್ಟು ಉಳಿದಿದೆ ಎಂಬ ಹಳೆಯ ಪ್ರಶ್ನೆಗೆ ಇವು ಉತ್ತರ. ಈಚಿನ ವೈದ್ಯವಿಜ್ಞಾನ ಬೇರೆ ಪ್ರಶ್ನೆ ಎತ್ತಿದೆ. ಆ್ಯಂಟಿಬಯಾಟಿಕ್‌ಗೆ ಬಗ್ಗದ ರೋಗಾಣುಗಳ ಒಂದು ವಂಶವಾಹಿ ದೆಹಲಿಯ ಬೀದಿಬದಿಯ ನೀರಿನಲ್ಲಿ, ಕೆಲವು ನಲ್ಲಿಗಳ ನೀರಿನಲ್ಲೂ ಇದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆಸ್ಪತ್ರೆಯ ಕಾಯಿಲೆ ಎಂದುಕೊಂಡದ್ದು ಚರಂಡಿಯಲ್ಲೂ ಇತ್ತು. ಕೊಳಚೆಯಲ್ಲಿ ವಂಶವಾಹಿ ಓದುವುದು ನಮ್ಮಿಂದಾಗದ ಕೆಲಸ ಎನ್ನುವ ಹಾಗೂ ಇಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಸಂಸ್ಕರಣಾ ಘಟಕಗಳಿಗೆ ಬರುವ ನೀರಿನಿಂದಲೇ ವೈರಸ್ಸಿನ ಆರ್‌ಎನ್‌ಎ ಹೆಕ್ಕಿ, ಸೋಂಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನಗರದ ವಿಜ್ಞಾನಿಗಳು ಲೆಕ್ಕ ಹಾಕಿದರು. ಘಟಕದೊಳಕ್ಕೆ ಬರುವ ನೀರನ್ನು ನಗರದವರ ಆರೋಗ್ಯಕ್ಕಾಗಿ ಅಷ್ಟು ನಯವಾಗಿ ಓದಬಲ್ಲವರು, ಅದೇ ಘಟಕದಿಂದ ಹೊರಟು ಹಳ್ಳಿಯ ಕೆರೆ ಸೇರುವ ನೀರಿಗೆ ಹಳೆಯ ಅಳತೆಗೋಲೇ ಸಾಕು ಎಂದು ಬಿಡುವುದು ಸರಿಯಲ್ಲ. ನಗರದ ಮೈಗೂ ಹಳ್ಳಿಯ ಮೈಗೂ ಜೀವವಿಜ್ಞಾನ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸವಿರುವುದು ನಮ್ಮ ಆಯ್ಕೆಯಲ್ಲಿ.

ಬಾಯಾರಿದವರ ಮುಂದೆ ಇಷ್ಟೆಲ್ಲ ಪರೀಕ್ಷೆಯ ಮಾತೇ ಐಷಾರಾಮ ಎನ್ನುವವರಿದ್ದಾರೆ. ಬೋರ್‌ವೆಲ್ ಸಾವಿರ ಅಡಿ ದಾಟಿದ ಸೀಮೆಯಲ್ಲಿ ಎಲ್ಲ ಸಂಶಯ ತೀರಲಿ ಎಂದು ಕಾದರೆ ಹೊಲ ಮಾರಿ ಹೋಗಿರುತ್ತದೆ. ಈ ಆಕ್ಷೇಪದಲ್ಲಿ ನೋವಿದೆ, ನ್ಯಾಯವೂ ಇದೆ. ಆದರೆ ನಾನು ಕೇಳುತ್ತಿರುವುದು ಕಾಯುವುದನ್ನಲ್ಲ, ನೀರಿನ ಜೊತೆಗೇ ಅಳತೆಯೂ ಬರಲಿ ಎಂದು. ಇದು ಆಗಬಲ್ಲದು ಎಂಬುದಕ್ಕೆ ದೇವನಹಳ್ಳಿಯಲ್ಲೇ ಒಂದು ಮಾದರಿಯಿದೆ. ಅಲ್ಲಿನ ಸಿಹಿನೀರು ಕೆರೆಗೆ ಸಂಸ್ಕರಿತ ನೀರು ಬಂದಾಗ ಅದನ್ನು ಪಂಪಿನಿಂದ ಎತ್ತಿ ನೇರ ಊರಿಗೆ ಕೊಡಲಿಲ್ಲ. ಪುರಸಭೆಯೂ ಬಯೋಮ್ ಎಂಬ ಸಂಸ್ಥೆಯೂ ಕೂಡಿ ಕೆರೆಯ ಬಳಿಯ ಹಳೆಯ ತೆರೆದ ಬಾವಿಯ ಹೂಳು ತೆಗೆಸಿದರು. ಕೆರೆಯ ನೀರು ಮಣ್ಣಿನ ಪದರಗಳಲ್ಲಿ ಜಿನುಗಿ ಬಾವಿಗೆ ಬರುತ್ತದೆ; ಬಂದದ್ದನ್ನು ಪರೀಕ್ಷಿಸಿ, ಮತ್ತೆ ಶುದ್ಧಿ ಮಾಡಿ ಊರಿಗೆ ಕೊಡುವ ಏರ್ಪಾಡು ಮಾಡಿದರು. ಮಣ್ಣನ್ನೇ ಒಂದು ಹಂತದ ಶೋಧಕವನ್ನಾಗಿ ಬಳಸಿದ ಈ ಉಪಾಯ ನನಗೆ ಬಹಳ ಮೆಚ್ಚುಗೆ. ಮೆಚ್ಚುವುದು ಮಣ್ಣನ್ನು ನಂಬಿದ್ದಕ್ಕಲ್ಲ, ನಂಬಿ ಸುಮ್ಮನಿರದೆ ಬಾವಿಯ ನೀರನ್ನು ಅಳೆದದ್ದಕ್ಕೆ. ಔಷಧಗಳ ಶೇಷವನ್ನೂ ಮಣ್ಣು ಹಿಡಿಯುತ್ತದೆಯೇ ಎಂಬುದು ಆಯಾ ಔಷಧ, ಆಯಾ ಮಣ್ಣಿನ ಮೇಲೆ ನಿಂತ ಮಾತು. ಅದಕ್ಕೂ ಅದೇ ಬಾವಿಯ ಕಟ್ಟೆಯ ಮೇಲೆಯೇ ಉತ್ತರ ಹುಡುಕಬೇಕು.

ಇನ್ನು ವಸ್ತುವಿಜ್ಞಾನ. ಉಪ್ಪು ನೀರನ್ನು ಸಿಹಿ ಮಾಡುವ ತೆಳು ಪೊರೆಯನ್ನು ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ 1960ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ರೂಪಿಸಿದರು. ಇಂದು ಅದರ ಮುಂದಿನ ಪೀಳಿಗೆ ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳೊಳಗೆ ಕೂತಿದೆ. ನಾಣ್ಯ ಹಾಕಿದರೆ ಮುಂದಿನ ನಲ್ಲಿಯಲ್ಲಿ ಇಪ್ಪತ್ತು ಲೀಟರಿನ ಕ್ಯಾನ್ ತುಂಬುತ್ತದೆ. ಹಿಂದಿನ ಪೈಪಿನಲ್ಲಿ ಪೊರೆ ಬೇಡವೆಂದ ನೀರು, ಲವಣವೂ ಫ್ಲೋರೈಡೂ ಇನ್ನಷ್ಟು ಗಟ್ಟಿಯಾಗಿ, ಚರಂಡಿಗೆ ಬೀಳುತ್ತದೆ. ಮುಂದಿನದನ್ನು ಅಳೆಯಲು ಸಾಮಾನ್ಯವಾಗಿ ಬಳಸುವುದು ಟಿಡಿಎಸ್ ಮೀಟರು. ಅದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಎಂದಷ್ಟೇ ಹೇಳುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಹೇಳಲಾರದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ರಾಷ್ಟ್ರೀಯ ಮಾನದಂಡ. ಆಳದ ಕಲ್ಲಿನ ನೀರು ಹಲ್ಲಿಗೆ ಕಂದು ಬಣ್ಣ ಬಳಿಯುವ ಸೀಮೆಯಲ್ಲಿ ಮೊದಲು ತಿಳಿಯಬೇಕಾದ ಅಂಕಿ ಅದು. ಪೊರೆ ಹಳತಾದಾಗ ಅದು ಮೊದಲಿನಷ್ಟು ತಡೆಯುತ್ತಿದೆಯೇ, ಹಿಂದಿನ ಪೈಪಿನ ನೀರು ಎಲ್ಲಿ ಇಂಗುತ್ತಿದೆ ಎಂಬುದನ್ನು ಘಟಕದ ಗೋಡೆಯ ಮೇಲೆ ಬರೆದಿಟ್ಟರೆ ಕ್ಯಾನ್ ಹಿಡಿದು ಬಂದವರು ಓದಿಕೊಳ್ಳುತ್ತಾರೆ. ಅಂಕಿ ಹಳ್ಳಿಯವರಿಗೆ ಅರ್ಥವಾಗದು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಡೇರಿಯಲ್ಲಿ ಹಾಲಿನ ಕೊಬ್ಬಿನ ಅಂಶವನ್ನು ದಿನಕ್ಕೆ ಎರಡು ಸಲ ನೋಡಿ, ಬಿಂದುವಿನ ನಂತರದ ಅಂಕಿಗೂ ವಾದಿಸಿ ದುಡ್ಡು ಪಡೆಯುವ ಜನ ಇವರು.

ವಿಜ್ಞಾನದ ನಿಯಮ ಎಲ್ಲೆಡೆ ಒಂದೇ, ಒಂದು ಕಡೆ ಸಿದ್ಧವಾದದ್ದನ್ನು ಊರೂರಿಗೆ ಮತ್ತೆ ಸಾಬೀತು ಮಾಡಬೇಕೆ ಎಂಬ ಕೊನೆಯ ಆಕ್ಷೇಪಕ್ಕೆ ಉತ್ತರ ಆಗಲೇ ಸಿಕ್ಕಿದೆ. ಒಂದೇ ಮರ ಒಂದು ಕಡೆ ಮಳೆಯಷ್ಟೇ ಕುಡಿಯಿತು, ಹೊಸಕೋಟೆಯಲ್ಲಿ ಮಳೆಯನ್ನೂ ಮೀರಿತು. ನಿಯಮ ಬದಲಾಗಲಿಲ್ಲ, ಮಣ್ಣಿನ ಆಳ ಬದಲಾಗಿತ್ತು. ಪ್ರಯೋಗಾಲಯ ತಪ್ಪು ಹೇಳಿತೆಂದಲ್ಲ, ಪ್ರಯೋಗಾಲಯದಲ್ಲಿ ಹೊಸಕೋಟೆ ಇರಲಿಲ್ಲ. ಹಾಗಾಗಿ ಹೊಸ ತಂತ್ರದ ವೆಚ್ಚದ ಪಟ್ಟಿಯಲ್ಲಿ ಪೈಪು, ಪಂಪು, ಸಿಮೆಂಟಿನ ಜೊತೆ ಹತ್ತಿಪ್ಪತ್ತು ವರ್ಷದ ಅಳತೆಯ ಖರ್ಚೂ ಮೊದಲೇ ಸೇರಬೇಕು. ಅಳೆಯುವವರು ಯೋಜನೆ ಕಟ್ಟಿದವರೇ ಆಗಿರಬಾರದು. ಫಲಿತಾಂಶ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು. ದೊಡ್ಡಬಳ್ಳಾಪುರದ ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಜನ ತಮ್ಮ ಕೆರೆಗಳಿಗೆ ನಗರದ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಸೇರುತ್ತಿದೆ ಎಂದು ವರ್ಷಗಳಿಂದ ಬೀದಿಗಿಳಿದಿದ್ದಾರೆ. ಕೊಳೆ ಬೀಳುವುದಕ್ಕೆ ಮುಂಚೆ ಆ ಕೆರೆಗಳ, ಸುತ್ತಲ ಬಾವಿಗಳ ನೀರು ಹೇಗಿತ್ತು ಎಂಬ ದಾಖಲೆ ತಿಂಗಳು ತಿಂಗಳಿನದು ಪಂಚಾಯಿತಿಯಲ್ಲಿ ಇದ್ದಿದ್ದರೆ, ತಮ್ಮ ನೀರು ಕೆಟ್ಟಿದೆ ಎಂದು ಸಾಬೀತು ಮಾಡುವ ಹೊರೆ ಕೆಟ್ಟ ನೀರು ಕುಡಿದವರ ತಲೆಯ ಮೇಲೆ ಬೀಳುತ್ತಿರಲಿಲ್ಲ. ವೃಷಭಾವತಿ ಕಣಿವೆಯ ನೀರನ್ನು ನೆಲಮಂಗಲದ ಕಡೆಯ ಕೆರೆಗಳಿಗೆ ಹರಿಸುವ ಯೋಜನೆಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ನೀರು ಇನ್ನೂ ಮುಟ್ಟದ ಕೆರೆಗಳ ಸುತ್ತ ಬೋರ್‌ವೆಲ್‌ಗಳ ನೀರನ್ನು ಇಂದೇ ತೆಗೆದು, ಫ್ಲೋರೈಡು, ನೈಟ್ರೇಟು, ಲೋಹಗಳು, ಔಷಧದ ಶೇಷ, ಔಷಧಕ್ಕೆ ಬಗ್ಗದ ಸೂಕ್ಷ್ಮಜೀವಿಗಳು ಎಷ್ಟಿವೆ ಎಂದು ದಾಖಲಿಸಿ ಒಂದು ಪ್ರತಿಯನ್ನು ಆಯಾ ಪಂಚಾಯಿತಿಗೆ ಕೊಡಬೇಕು. ಕೆರೆ ತುಂಬಿದ ಮೇಲೆ ಎಷ್ಟೇ ಹಣ ಕೊಟ್ಟರೂ ಎಂಥ ಉಪಕರಣ ತಂದರೂ ಆ ಮೊದಲಿನ ಅಳತೆ ಸಿಗುವುದಿಲ್ಲ.