ಕೂಡಿಸಿದ್ದು ಕಾಣಬೇಕೇ?

ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಯಂತ್ರ ಗಟ್ಟಿಯಾಗಿಯೇ ಇತ್ತು. ಸೋತದ್ದು ಅದರ ಪ್ಲಾಸ್ಟಿಕ್ಕು. ಬಾಗಲಕೋಟೆಯ ಬಿಸಿಲಿಗೆ ವರ್ಷಗಟ್ಟಲೆ ಮೈಯೊಡ್ಡಿ ಹಳದಿಯಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಮುಂದಿನ ಮುಚ್ಚಳ ಹಿಡಿಯುವ ಎರಡು ಕೊಕ್ಕೆ, ಸ್ಕ್ರೂ ಕೂರುವ ಒಂದು ಪುಟ್ಟ ಕಂಬ ಹೋಗಿದ್ದವು. "ಈ ಪಾರ್ಟು ಈಗ ಬರೂದಿಲ್ರೀ ಅಕ್ಕಾರ" ಎಂದರು ಅಂಗಡಿಯವರು.

ನಾನೇ ಕೂತು ಕೂಡಿಸಿದೆ. ಒಳಮೈಯಲ್ಲಿ ಎ.ಬಿ.ಎಸ್. ಎಂದು ಅಚ್ಚೊತ್ತಿದ್ದರೆ ಆ ಪ್ಲಾಸ್ಟಿಕ್ಕು ಅಸಿಟೋನಿನಲ್ಲಿ ಕರಗುತ್ತದೆ. ಉಗುರುಬಣ್ಣ ಅಳಿಸುವ ದ್ರವಗಳಲ್ಲಿ ಹಲವು ಅದೇ. ಅದೇ ಜಾತಿಯ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅದರೊಳಗೆ ನೆನೆಹಾಕಿದರೆ ಮರುದಿನಕ್ಕೆ ಗಂಜಿಯಾಗಿರುತ್ತದೆ. ಸೀಳಿಗೆ ತುಂಬಿ ಒಂದೆರಡು ದಿನ ಒಣಗಲು ಬಿಡಬೇಕು. ಇದು ಅಂಟು ಹಚ್ಚಿದ್ದಲ್ಲ, ಎರಡು ತುದಿಗಳೂ ಕರಗಿ ಒಂದಾದದ್ದು. (ಕಿಟಕಿ ತೆರೆದಿರಲಿ, ಒಲೆ ಆರಿರಲಿ, ಥಟ್ಟನೆ ಬೆಂಕಿ ಹಿಡಿಯುವ ದ್ರವ. ಬಕೆಟ್ಟು, ಡಬ್ಬಿಗಳಿಗೆ ಈ ಉಪಾಯ ನಡೆಯದು, ಅವುಗಳ ಪ್ಲಾಸ್ಟಿಕ್ಕೇ ಬೇರೆ.)

ಗುರುತು ಮಾತ್ರ ಉಳಿಯಿತು. "ಉಜ್ಜಿ ಬಣ್ಣ ಹೊಡದಬಿಡವ್ವಾ, ಯಾರಿಗೆ ಗೊತ್ತಾಕ್ಕೈತಿ?" ಎಂದ ಮಗ. ಎದುರುಮನೆಯ ಹುಡುಗಿ ಹೊಲಿಗೆಯಲ್ಲಿ ಕೂಡಿಟ್ಟ ದುಡ್ಡಿನಿಂದ ಅದನ್ನು ಕೊಳ್ಳುವವಳಿದ್ದಳು.

ಕೂಡಿಸಿದ ಗುರುತು ಕಾಣಬೇಕೋ ಬೇಡವೋ? ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಕೊಂಡಿಯಾಗಿ ಸೇರಿಸುತ್ತಾರೆ. ಆ ಕೂಡಿಕೆಯೇ ಸೀರೆಯ ಹೆಮ್ಮೆ. ಕೌದಿಯಲ್ಲಂತೂ ತೇಪೆಯೇ ಚಂದ. ಆದರೆ ರಫೂ ಮಾಡುವವನಿಗೆ ಎಳೆ ಕಾಣದಿರುವುದೇ ಮರ್ಯಾದೆ. ಅವನು ಸುಳ್ಳನೇ? ನನ್ನ ಸೀರೆಗೆ ರಫೂ ಮಾಡಿಸಿ ನಾನೇ ಉಟ್ಟರೆ ಯಾರಿಗೂ ಮೋಸವಿಲ್ಲ. ಅದನ್ನೇ ಹೊಸದೆಂದು ಮಾರಿದರೆ ಅದೇ ಎಳೆ ಮೋಸವಾಗುತ್ತದೆ.

ಅಷ್ಟು ಸರಳವೂ ಅಲ್ಲ. ಹೆಣ್ಣು ತೋರಿಸುವ ದಿನ ಕೈಮೇಲಿನ ಸುಟ್ಟ ಕಲೆಯನ್ನು ಸೆರಗಿನಲ್ಲಿ ಮುಚ್ಚಿದ ತಾಯಂದಿರನ್ನು ನಾವೆಲ್ಲ ನೋಡಿದ್ದೇವೆ. ಕಂಡ ಕೂಡಲೇ ಬೆಲೆ ಇಳಿಸಲು ಕಾದವರು ಎದುರಿಗೇ ಕೂತಿರುತ್ತಿದ್ದರು. ಆ ತಾಯಂದಿರನ್ನು ಸುಳ್ಳಿಯರೆನ್ನಲು ನನಗೆ ಬಾಯಿ ಬಾರದು. ಅಲ್ಲಿ ಕಾಯಬೇಕಾದ ಒಂದು ಜೀವವಿತ್ತು. ಕಂಪ್ಯೂಟರಿಗೆ ಯಾವ ಮಾನ? ಮುಚ್ಚಿದರೆ ಉಳಿಯುವುದು ನನ್ನ ಲಾಭವಷ್ಟೇ. ಕೆಡುವುದು, ಎಲ್ಲಿ ಹಿಡಿಯಬಾರದೆಂದು ತಿಳಿಯದೆ ಎತ್ತುವವಳ ದುಡ್ಡು.

ಬಣ್ಣದ ಡಬ್ಬಿ ತೆಗೆಯಲಿಲ್ಲ. "ಇಲ್ಲಿ ಮುರದಿತ್ತವ್ವಾ, ಎತ್ತುವಾಗ ಈ ಕಡೆ ಹಿಡೀಬ್ಯಾಡ" ಎಂದು ಬೆರಳಿಟ್ಟು ತೋರಿಸಿದೆ. ಅವಳು ಸ್ವಲ್ಪ ಹೊತ್ತು ಗುರುತನ್ನು ಸವರಿ ನೋಡಿ, "ಹಂಗಾದ್ರ ಐನೂರು ಕಡಿಮಿ ಮಾಡ್ರಿ ಚಿಗವ್ವಾರ" ಎಂದಳು. ಮಗ ನನ್ನ ಮುಖ ನೋಡಿದ. ಕಡಿಮೆ ಮಾಡಿದೆ.